ಊರಿನ ರೇಡಿಯೊ ಮಾತುಕತೆ: ಮಂಗಳೂರು, ಉಡುಪಿಯ ಕೇಳುಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಯಾವ ರೇಡಿಯೊ ಸ್ಟೇಷನ್ನಿನ ನೌಕರನೂ ಅಲ್ಲ. ದಿನಾ ಕೇಳುವವನು, ಆಗಾಗ ಕರೆ ಮಾಡುವವನು, ಕೆಲವು ಸಲ ಮೈಕಿನ ಮುಂದೆ ಕೂತವನು. ರೇಡಿಯೊ ಹುಚ್ಚು ಉಂಟು ಅಂತ ಗೊತ್ತಾದ ಮೇಲೆ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನ ಕ್ಯೂನಲ್ಲಿ ಜನ ಕೇಳುವುದು ಇವೇ ಪ್ರಶ್ನೆಗಳನ್ನು. ಕಾರ್ಯಕ್ರಮಗಳ ಹೊತ್ತು ಬದಲಾಗುತ್ತಾ ಇರುತ್ತದೆ. ಹಾಗಾಗಿ ಇಲ್ಲಿ ವೇಳಾಪಟ್ಟಿ ಕೊಟ್ಟಿಲ್ಲ.

ಟಾಕ್ ಶೋ ಅಂದ್ರೆ ಎಂತ? ಹಾಡಿನ ಮಧ್ಯೆ ಆರ್‌ಜೆ ಮಾತಾಡುವುದಾ?

ಅದಲ್ಲ. ಅಲ್ಲಿ ಹಾಡಿಗೋಸ್ಕರ ಮಾತು. ಇಲ್ಲಿ ಮಾತೇ ಕಾರ್ಯಕ್ರಮ, ಹಾಡು ಬಂದರೆ ಉಸಿರು ತೆಗೆದುಕೊಳ್ಳಲು ಮಾತ್ರ. ಒಬ್ಬರು ನಡೆಸಿಕೊಡುತ್ತಾರೆ, ವಿಷಯ ಗೊತ್ತಿರುವ ಒಬ್ಬರೋ ಇಬ್ಬರೋ ಬಂದಿರುತ್ತಾರೆ, ಕೇಳುಗರು ಫೋನ್ ಮಾಡುತ್ತಾರೆ. ನಮ್ಮಲ್ಲಿ ಇದಕ್ಕೆ ನೇರ ಫೋನ್-ಇನ್, ಸಂದರ್ಶನ, ಚರ್ಚೆ, ಸಂವಾದ ಅಂತೆಲ್ಲ ಹೆಸರಿದೆ. ಅಡಿಕೆಯ ಕೊಳೆರೋಗ, ಮಧುಮೇಹ, ಪಿಯುಸಿ ಆದ ಮೇಲೆ ಏನು ಓದುವುದು, ಆಟಿ ತಿಂಗಳ (ಜುಲೈ-ಆಗಸ್ಟ್‌ನ ಮಳೆಗಾಲದ) ಅಡುಗೆ, ಗ್ರಾಮ ಪಂಚಾಯತ್‌ನ ಕಸ ವಿಲೇವಾರಿ, ಹೀಗೆ ಎಲ್ಲವೂ ಬರುತ್ತದೆ.

ನಮ್ಮ ಕಡೆ ಮಾತಿನ ಕಾರ್ಯಕ್ರಮ ಕೇಳಬೇಕು ಅಂದ್ರೆ ಯಾವ ಸ್ಟೇಷನ್ ಹಾಕಬೇಕು?

ಮೊದಲು ಆಕಾಶವಾಣಿ ಮಂಗಳೂರು, ಎಫ್‌ಎಂ 100.3. ಸ್ಟೇಷನ್ ಶುರುವಾದದ್ದು 1976ರ ಡಿಸೆಂಬರ್ 11ರಂದು. ಸ್ಟುಡಿಯೊ ಕದ್ರಿ ಗುಡ್ಡದಲ್ಲಿದೆ. ಆಗ ಉಡುಪಿ ಬೇರೆ ಜಿಲ್ಲೆಯೇ ಆಗಿರಲಿಲ್ಲ, ಅದು 1997ರಲ್ಲಿ ಆದದ್ದು. ಮೀಡಿಯಂ ವೇವ್‌ನ 1089 ಕಿಲೋಹರ್ಟ್ಸ್ ಟ್ರಾನ್ಸ್‌ಮಿಟರ್ ಇಟ್ಟದ್ದು ಬ್ರಹ್ಮಾವರದಲ್ಲಿ. ಅಂದರೆ ಮಾತು ಕದ್ರಿಯದ್ದು, ಅದನ್ನು ಮೀಡಿಯಂ ವೇವ್‌ನಲ್ಲಿ ಗಾಳಿಗೆ ಬಿಟ್ಟದ್ದು ಬ್ರಹ್ಮಾವರ. ಹಳಬರ ಬಾಯಲ್ಲಿ ಈಗಲೂ ‘ಮಂಗಳೂರು ಸ್ಟೇಷನ್’ ಅಂದರೆ ಎರಡೂ ಜಿಲ್ಲೆಯವರದ್ದು.

ಆಮೇಲೆ ಸಮುದಾಯ ರೇಡಿಯೊಗಳು, ಅಂದರೆ ಲಾಭಕ್ಕಲ್ಲದೆ ಸುತ್ತಮುತ್ತಲಿನ ಊರಿನವರಿಗಾಗಿ ನಡೆಸುವ ಸಣ್ಣ ಸ್ಟೇಷನ್‌ಗಳು. ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ರೇಡಿಯೊ ಸಾರಂಗ್ 107.8ರಲ್ಲಿ ಸಿಗುತ್ತದೆ. 2009ರಿಂದ ನಡೆಯುತ್ತಿದೆ. ಮಣಿಪಾಲದಲ್ಲಿ ರೇಡಿಯೊ ಮಣಿಪಾಲ್, 90.4. ಎರಡೂ ಶಿಕ್ಷಣ ಸಂಸ್ಥೆಗಳು ನಡೆಸುವಂಥವು. ಹಾಗಂತ ಕಾಲೇಜು ಮಕ್ಕಳಿಗೆ ಮಾತ್ರ ಅಂದುಕೊಳ್ಳಬೇಡಿ. ಮೀನು ಮಾರುವವರು, ಅಂಗನವಾಡಿ ಟೀಚರ್, ಕೃಷಿಕರು, ಯಕ್ಷಗಾನದವರು ಬಂದು ಮಾತಾಡುವುದು ಇಂಥ ಕಡೆಯೇ ಜಾಸ್ತಿ.

ಖಾಸಗಿ ಎಫ್‌ಎಂಗಳು ಮಂಗಳೂರಿನಲ್ಲಿ ಮೂರು ಉಂಟು: ಬಿಗ್ 92.7, ರೆಡ್ 93.5, ಮಿರ್ಚಿ 98.3. ಅಲ್ಲಿ ಹಾಡು, ತಮಾಷೆ ಜಾಸ್ತಿ. ಒಳ್ಳೆಯ ಮಾತೂ ನಡುನಡುವೆ ಸಿಗುತ್ತದೆ. ಆದರೆ ಅರ್ಧ ಗಂಟೆ ಒಂದೇ ವಿಷಯ ಹಿಡಿದು ಕೂರುವುದು ಅವರ ದಾರಿಯಲ್ಲ.

ಮನೆಯಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಬರೀ ಗೊರಗೊರ.

ಎಫ್‌ಎಂ ತರಂಗ ಹೆಚ್ಚುಕಡಿಮೆ ನೇರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಸೋಲುತ್ತದೆ. ನಮ್ಮದೋ ಇಡೀ ಊರೇ ಗುಡ್ಡ, ಬೈಲು. ಗುಡ್ಡದ ಬುಡದ ಮನೆಗೆ ಸಿಗದ್ದು ಮೇಲಿನ ಮನೆಗೆ ಚೆನ್ನಾಗಿ ಸಿಗುತ್ತದೆ. ಸೆಟ್ಟನ್ನು ಕಿಟಕಿ ಹತ್ತಿರ ಇಟ್ಟು ನೋಡಿ, ಏರಿಯಲ್ ಪೂರ್ತಿ ಎಳೆಯಿರಿ. 100.3ಕ್ಕೆ ಮುಕ್ಕಾಲು ಮೀಟರ್ ಉದ್ದದ ತಂತಿ ಸರಿಹೋಗುತ್ತದೆ. ಏರಿಯಲ್ ಮುರಿದಿದ್ದರೆ ಅಷ್ಟುದ್ದದ ಒಂದು ವಯರ್ ಸಿಕ್ಕಿಸಿ. ಮೊಬೈಲ್‌ನ ಎಫ್‌ಎಂಗೆ ಇಯರ್‌ಫೋನಿನ ವಯರೇ ಏರಿಯಲ್, ಅದನ್ನು ಚುಚ್ಚದೆ ಹುಡುಕಿದರೆ ಏನೂ ಸಿಗುವುದಿಲ್ಲ.

ಸಮುದಾಯ ರೇಡಿಯೊ ದೂರಕ್ಕೆ ಸಿಗದಿದ್ದರೆ ಅದು ಸೆಟ್ಟಿನ ತಪ್ಪಲ್ಲ. ಅವರಿಗೆ ಸಾಮಾನ್ಯವಾಗಿ ಕೊಡುವ ಶಕ್ತಿಯೇ 100 ವಾಟ್, ಏರಿಯಲ್ ಎತ್ತರವೂ 30 ಮೀಟರ್ ಮೀರಬಾರದು. ಸುತ್ತಲಿನ ಹತ್ತು ಕಿಲೋಮೀಟರ್ ದಾಟಿದ ಮೇಲೆ ಸಿಕ್ಕಿದರೆ ಅದು ನಿಮ್ಮ ಪುಣ್ಯ. ಸುಳ್ಯದ ಕಡೆಯವರು ಆಕಾಶವಾಣಿ ಮಡಿಕೇರಿಯ 103.1 ಅನ್ನೂ ಒಮ್ಮೆ ಹಾಕಿ ನೋಡಿ.

ದುಬೈಯಲ್ಲಿರುವ ಮಗ ಕೇಳಬಹುದಾ?

ಕೇಳಬಹುದು. ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ಆಕಾಶವಾಣಿಯ 200ಕ್ಕೂ ಹೆಚ್ಚು ವಾಹಿನಿಗಳು ನೇರ ಸಿಗುತ್ತವೆ, ಮಂಗಳೂರೂ ಅದರಲ್ಲಿದೆ. ಒಂದೇ ವಿಷಯ ನೆನಪಿರಲಿ. ಆ್ಯಪ್‌ನಲ್ಲಿ ಬರುವ ಧ್ವನಿ ರೇಡಿಯೊಗಿಂತ ಸ್ವಲ್ಪ ಹಿಂದೆ ಇರುತ್ತದೆ. ಮಗ ಆ್ಯಪ್ ಕೇಳುತ್ತಾ ಫೋನ್-ಇನ್‌ಗೆ ಕರೆ ಮಾಡಿದರೆ, ಸ್ಟುಡಿಯೊದಲ್ಲಿ ಕೇಳಿದ ಪ್ರಶ್ನೆ ಅವನ ಆ್ಯಪ್‌ಗೆ ಇನ್ನೂ ಬಂದಿರುವುದಿಲ್ಲ. ಲೈನಿನಲ್ಲಿ ಕೇಳಿಸಿದ್ದಕ್ಕೆ ಉತ್ತರ ಕೊಡಬೇಕು, ಆ್ಯಪ್ ಆಫ್ ಮಾಡಬೇಕು.

ಊರಿನ ರೇಡಿಯೊದಲ್ಲಿ ಊರಿನ ಸುದ್ದಿಯೇ ಯಾಕೆ ಇಲ್ಲ?

ಎಲ್ಲರೂ ಕೇಳುವ ಪ್ರಶ್ನೆ ಇದು. ಹೆಚ್ಚಿನವರು ಸ್ಟೇಷನ್ನಿನವರಿಗೆ ಸೋಮಾರಿತನ ಅಂದುಕೊಂಡಿದ್ದಾರೆ. ಹಾಗಲ್ಲ, ಕಾನೂನೇ ಹಾಗಿದೆ.

ನಮ್ಮ ದೇಶದಲ್ಲಿ ರೇಡಿಯೊದಲ್ಲಿ ಸ್ವಂತ ಸುದ್ದಿ ಓದುವ ಹಕ್ಕು ಇರುವುದು ಆಕಾಶವಾಣಿಗೆ ಮಾತ್ರ. ಖಾಸಗಿ ಎಫ್‌ಎಂ ಆಗಲಿ, ಸಮುದಾಯ ರೇಡಿಯೊ ಆಗಲಿ ಆಕಾಶವಾಣಿಯ ವಾರ್ತೆಯನ್ನು ಹಾಗೆಯೇ ಪ್ರಸಾರ ಮಾಡಬಹುದು. ತಾವೇ ವರದಿಗಾರರನ್ನು ಕಳಿಸಿ ಸುದ್ದಿ ತಂದು ಓದುವಂತಿಲ್ಲ. ಪತ್ರಿಕೆಗೆ ಈ ಕಟ್ಟು ಇಲ್ಲ, ಟಿವಿಗೆ ಇಲ್ಲ, ಯೂಟ್ಯೂಬ್‌ಗೆ ಇಲ್ಲ. ರೇಡಿಯೊಗೆ ಮಾತ್ರ ಯಾಕೆ? ಇದಕ್ಕೆ ಒಪ್ಪುವಂಥ ಉತ್ತರ ನನಗಂತೂ ಇವತ್ತಿನವರೆಗೆ ಸಿಕ್ಕಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ತರಂಗಗಳು ಸಾರ್ವಜನಿಕ ಸ್ವತ್ತು ಅಂತ ಹೇಳಿತು. 2013ರಲ್ಲಿ ಕಾಮನ್ ಕಾಸ್ ಅನ್ನುವ ಸ್ವಯಂಸೇವಾ ಸಂಸ್ಥೆ ಇದೇ ಸುದ್ದಿ ನಿಷೇಧದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಸೆಪ್ಟೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್, ಖಾಸಗಿ ಎಫ್‌ಎಂಗಳಿಗೆ ಗಂಟೆಗೆ 10 ನಿಮಿಷ ಸುದ್ದಿ ಓದಲು ಬಿಡಿ ಅಂತ ಶಿಫಾರಸು ಮಾಡಿತು. ಶಿಫಾರಸು ಅಂದರೆ ಶಿಫಾರಸು ಅಷ್ಟೇ.

ಇನ್ನು ಆಕಾಶವಾಣಿ. ಅದಕ್ಕೆ ಹಕ್ಕು ಉಂಟು, ಆದರೆ ನಮ್ಮ ರಾಜ್ಯದ ಪ್ರದೇಶ ಸಮಾಚಾರ ತಯಾರಾಗುವುದು ಬೆಂಗಳೂರು, ಧಾರವಾಡದ ಸುದ್ದಿ ವಿಭಾಗಗಳಲ್ಲಿ. ಜಿಲ್ಲೆಗಳಲ್ಲಿ ಅರೆಕಾಲಿಕ ಬಾತ್ಮೀದಾರರು ಇರುತ್ತಾರೆ. ಮಲ್ಪೆಯಲ್ಲಿ ಬೋಟ್ ಮುಳುಗಿದರೆ ಸುದ್ದಿ ಮೊದಲು ಘಟ್ಟ ಹತ್ತುತ್ತದೆ. ಅಲ್ಲಿ ಇಡೀ ರಾಜ್ಯದ ಸುದ್ದಿಗಳ ಜೊತೆ ಜಾಗಕ್ಕೆ ಗುದ್ದಾಡಿ, ಗೆದ್ದರೆ ಎರಡು ವಾಕ್ಯವಾಗಿ ಇಳಿದು ಬರುತ್ತದೆ. ಮಲ್ಪೆಯವರಿಗೆ ಅಷ್ಟರೊಳಗೆ ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಬಂದಿರುತ್ತದೆ.

ಹಾಗಾದರೆ ಸಮುದಾಯ ರೇಡಿಯೊದಲ್ಲಿ ಹೇಳಲು ಉಳಿಯುವುದಾದರೂ ಏನು?

ತುಂಬಾ ಉಂಟು. ಸರ್ಕಾರದ ನಿಯಮದಲ್ಲೇ ಕೆಲವು ವಿಷಯಗಳನ್ನು ಸುದ್ದಿ ಅಲ್ಲ, ಮಾಹಿತಿ ಅಂತ ಬಿಟ್ಟಿದ್ದಾರೆ. ಹವಾಮಾನ, ಟ್ರಾಫಿಕ್, ಹಬ್ಬ ಮತ್ತು ಸಾಂಸ್ಕೃತಿಕ ಕಾರ್ಯಕ್ರಮ, ಪರೀಕ್ಷೆ, ಫಲಿತಾಂಶ, ಕಾಲೇಜು ಪ್ರವೇಶ, ಉದ್ಯೋಗ ಮಾಹಿತಿ, ನೀರು ಮತ್ತು ಕರೆಂಟಿನ ಬಗ್ಗೆ ಸ್ಥಳೀಯ ಆಡಳಿತದ ಪ್ರಕಟಣೆ, ನೆರೆ ಮತ್ತು ರೋಗದ ಎಚ್ಚರಿಕೆ ಇವೆಲ್ಲ ಅದರಲ್ಲಿ ಬರುತ್ತವೆ.

ಈ ಪಟ್ಟಿ ಒಣಗಿದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಜುಲೈ ತಿಂಗಳ ಒಂದು ರಾತ್ರಿ ಯೋಚನೆ ಮಾಡಿ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದಿದೆ. ಚಾರ್ಮಾಡಿಯಲ್ಲಿ ವಾಹನ ಬಿಡುತ್ತಾರಾ ಇಲ್ವಾ? ನೇತ್ರಾವತಿ ತುಂಬಿದೆ. ಕರೆಂಟ್ ಹೋಗಿದೆ. ನಾಳೆ ಶಾಲೆಗೆ ರಜೆ ಉಂಟಾ? ಕರಾವಳಿಯ ಮನೆಗಳಿಗೆ ಆ ರಾತ್ರಿ ಬೇಕಾದ ಸುದ್ದಿ ಇಷ್ಟೇ. ಇದೆಲ್ಲವೂ ‘ಸುದ್ದಿ ಅಲ್ಲ’ ಅನ್ನುವ ಪಟ್ಟಿಯಲ್ಲೇ ಇದೆ! ರಜೆಯ ವಿಷಯದಲ್ಲಿ ಮಾತ್ರ ಜಿಲ್ಲಾಧಿಕಾರಿಯ ಆದೇಶ ಬರುವವರೆಗೆ ರೇಡಿಯೊದವರು ಬಾಯಿ ಬಿಡುವುದಿಲ್ಲ. ಮಕ್ಕಳು ಎಷ್ಟು ಸಲ ಫೋನ್ ಮಾಡಿದರೂ ಅಷ್ಟೇ.

ಸಮುದಾಯ ರೇಡಿಯೊ ಪ್ರಸಾರದಲ್ಲಿ ಅರ್ಧದಷ್ಟಾದರೂ ಸ್ಥಳೀಯವಾಗಿ ತಯಾರಾದದ್ದೇ ಇರಬೇಕು ಅನ್ನುವ ನಿಯಮವೂ ಇದೆ. ಏನು ಪ್ರಸಾರ ಮಾಡಬೇಕು ಅಂತ ನೋಡಲು ಒಂದು ಸಲಹಾ ಸಮಿತಿ ಇರಬೇಕು. 2024ರ ಹೊಸ ಮಾರ್ಗಸೂಚಿಯ ಪ್ರಕಾರ ಅದರಲ್ಲಿ ಅರ್ಧದಷ್ಟಾದರೂ ಹೆಂಗಸರು ಇರಬೇಕು.

ರಾಜಕೀಯ ಮಾತಾಡುವ ಹಾಗೆಯೇ ಇಲ್ವಾ?

ಯಾವ ಸ್ಟೇಷನ್, ಯಾವ ಮಾತು ಅನ್ನುವುದರ ಮೇಲೆ ಹೋಗುತ್ತದೆ. ಸಮುದಾಯ ರೇಡಿಯೊಗೆ 2006ರ ನೀತಿ ರಾಜಕೀಯ ಕಾರ್ಯಕ್ರಮವನ್ನು ಬೇಡ ಅಂತಲೇ ಹೇಳಿದೆ. ಆಕಾಶವಾಣಿಯಲ್ಲಿ ಚರ್ಚೆ ಮಾಡಬಹುದು, ಆದರೆ ಅದಕ್ಕೂ ಪ್ರಸಾರ ಸಂಹಿತೆ ಉಂಟು. ಪಕ್ಷದ ಹೆಸರು ಹಿಡಿದು ದಾಳಿ ಮಾಡುವಂತಿಲ್ಲ, ಧರ್ಮ, ಕೋಮುಗಳ ಮೇಲೆ ಹರಿಹಾಯುವಂತಿಲ್ಲ, ಕೋರ್ಟಿನ ನಿಂದನೆ ಆಗಬಾರದು, ಹಿಂಸೆಗೆ ಕುಮ್ಮಕ್ಕು ಕೊಡಬಾರದು. ನಮ್ಮ ಕರಾವಳಿಯಂಥ ಕಡೆ, ಒಂದು ವಾಟ್ಸ್ಆ್ಯಪ್ ಫಾರ್ವರ್ಡಿಗೆ ಪೇಟೆಯೇ ಬಂದ್ ಆಗುವ ಕಡೆ, ಎರಡನೆಯ ನಿಯಮಕ್ಕೆ ನನ್ನ ತಕರಾರಿಲ್ಲ. ಮೊದಲನೆಯದರ ಬಗ್ಗೆ ಉಂಟು. ಅಧಿಕಾರದಲ್ಲಿರುವವರ ಹೆಸರು ಹೇಳದೆ ಕೆಲಸ ವಿಮರ್ಶೆ ಮಾಡುವುದು ಕಷ್ಟ.

ಆದರೂ ರಾಜಕೀಯ ಅಂದರೆ ಪಕ್ಷ ಒಂದೇ ಅಲ್ಲವಲ್ಲ. ತುಂಬೆ ಕಿಂಡಿ ಅಣೆಕಟ್ಟಿನ ನೀರು ಏಪ್ರಿಲ್‌ನಲ್ಲಿ ಎಷ್ಟು ದಿನಕ್ಕೆ ಸಾಕು, ಉಳ್ಳಾಲದ ಕಡಲ್ಕೊರೆತಕ್ಕೆ ಕಲ್ಲು ಹಾಕುವುದು ಪರಿಹಾರವೋ ಅಲ್ಲವೋ, ಗ್ರಾಮಸಭೆಗೆ ಯಾಕೆ ಜನ ಬರುವುದಿಲ್ಲ, ನಾಡದೋಣಿಯವರಿಗೂ ಟ್ರಾಲ್ ಬೋಟಿನವರಿಗೂ ಜಗಳ ಯಾಕೆ? ಇವುಗಳನ್ನು ಹೆಸರು ಹಿಡಿಯದೆ ಅರ್ಧ ಗಂಟೆ ಮಾತಾಡಬಹುದು. ಚೆನ್ನಾಗಿ ನಡೆಸಿಕೊಡುವವರು ಹಾಗೆಯೇ ಮಾಡುತ್ತಾರೆ. ‘ಯಾರು ಸರಿ’ ಅಂತ ಕೇಳುವುದಿಲ್ಲ, ‘ಕಳೆದ ಮಳೆಗಾಲದಿಂದ ಈ ಮಳೆಗಾಲಕ್ಕೆ ಏನು ಆಯ್ತು’ ಅಂತ ಕೇಳುತ್ತಾರೆ. ಅಧಿಕಾರಿ ಅಲ್ಲೇ ಎದುರು ಕೂತಿರುತ್ತಾರೆ, ಲೈನಿನಲ್ಲಿ ಸೋಮೇಶ್ವರದ ಒಬ್ಬರು ಅಕ್ಕ ‘ಸರ್, ನಮ್ಮ ತೆಂಗಿನಮರ ಎಲ್ಲ ಸಮುದ್ರಕ್ಕೆ ಹೋಯ್ತು’ ಅನ್ನುತ್ತಾರೆ. ಅಲ್ಲಿ ನುಣುಚಿಕೊಳ್ಳುವುದು ಅಷ್ಟು ಸುಲಭ ಅಲ್ಲ.

ಚುನಾವಣೆ ಬಂದಾಗ ಕಾರ್ಯಕ್ರಮ ಯಾಕೆ ಸಪ್ಪೆಯಾಗುತ್ತದೆ?

ನೀತಿ ಸಂಹಿತೆ. ಮಂತ್ರಿಯ ಸಂದರ್ಶನ, ಯೋಜನೆಗಳ ಹೊಗಳಿಕೆ ಎಲ್ಲ ನಿಲ್ಲುತ್ತದೆ. ಮತದಾನ ಮುಗಿಯುವ ಮೊದಲಿನ 48 ಗಂಟೆ ಪ್ರಚಾರದ ಮಾತೇ ಇಲ್ಲ, ಅದು 1951ರ ಜನಪ್ರಾತಿನಿಧ್ಯ ಕಾಯ್ದೆಯ 126ನೇ ಸೆಕ್ಷನ್. ಹಾಗೆಂದು ಪಕ್ಷಗಳಿಗೆ ಆಕಾಶವಾಣಿಯಲ್ಲಿ ಜಾಗವೇ ಇಲ್ಲ ಅಂತಲ್ಲ. ಮಾನ್ಯತೆ ಪಡೆದ ಪಕ್ಷಗಳಿಗೆ ಪುಕ್ಕಟೆ ಹೊತ್ತು ಕೊಡುವ ಪದ್ಧತಿ 1977ರ ಲೋಕಸಭಾ ಚುನಾವಣೆಯಿಂದ ಇದೆ. ಯಾರು ಯಾವಾಗ ಮಾತಾಡಬೇಕು ಅಂತ ಚೀಟಿ ಎತ್ತುತ್ತಾರೆ, ಭಾಷಣದ ಪ್ರತಿ ಮೊದಲೇ ಕೊಡಬೇಕು.

ಫೋನ್-ಇನ್‌ಗೆ ಲೈನೇ ಸಿಗುವುದಿಲ್ಲ. ಏನಾದರೂ ಉಪಾಯ ಉಂಟಾ?

ಕಾರ್ಯಕ್ರಮ ಶುರುವಾದ ಕೂಡಲೇ ಮಾಡಿ. ಹೆಚ್ಚಿನವರು ಅರ್ಧ ಕೇಳಿ, ಧೈರ್ಯ ಬಂದ ಮೇಲೆ ಫೋನ್ ಎತ್ತುತ್ತಾರೆ. ಆಗ ಎಲ್ಲರಿಗೂ ಒಟ್ಟಿಗೆ ಧೈರ್ಯ ಬಂದಿರುತ್ತದೆ. ಮೊದಲ ಐದು ನಿಮಿಷದಲ್ಲಿ ನಡೆಸಿಕೊಡುವವರೇ ಕರೆಗೆ ಕಾಯುತ್ತಿರುತ್ತಾರೆ.

ಲೈನ್ ಸಿಕ್ಕಿದ ಮೇಲೆ ಮಾಡಬೇಕಾದ ಮೊದಲ ಕೆಲಸ ಮನೆಯ ರೇಡಿಯೊ ಬಂದ್ ಮಾಡುವುದು. ‘ರೇಡಿಯೊ ಸ್ವಲ್ಪ ಸಣ್ಣ ಮಾಡಿ’ ಅಂತ ಅವರು ದಿನಾ ಹೇಳುವುದು ಸುಮ್ನೆ ಅಲ್ಲ. ನಿಮ್ಮ ಧ್ವನಿ ಫೋನಿನಿಂದ ಸ್ಟುಡಿಯೊಗೆ, ಅಲ್ಲಿಂದ ನಿಮ್ಮ ರೇಡಿಯೊಗೆ, ಅಲ್ಲಿಂದ ಮತ್ತೆ ನಿಮ್ಮ ಫೋನಿಗೆ ಸುತ್ತುತ್ತದೆ. ಆಗ ಕೀಂಯ್ ಅಂತ ಕಿರುಚುತ್ತದೆ, ಎಲ್ಲರ ಕಿವಿ ಹೋಗುತ್ತದೆ.

ಹೆಸರು, ಊರು ಹೇಳಿ. ‘ಹೇಗಿದ್ದೀರಿ, ಚೆನ್ನಾಗಿದ್ದೀರಾ, ನಿಮ್ಮ ಕಾರ್ಯಕ್ರಮ ಭಾರೀ ಲಾಯ್ಕ್ ಉಂಟು’ ಅನ್ನುವ ಉಪಚಾರ ಒಂದು ವಾಕ್ಯಕ್ಕೆ ಮುಗಿಸಿ. ಆಮೇಲೆ ಒಂದೇ ಪ್ರಶ್ನೆ. ಅದರಲ್ಲಿ ವಿವರ ಇರಲಿ.

ಉದಾಹರಣೆ ಹೇಳುತ್ತೇನೆ. ‘ಅಡಿಕೆಗೆ ಕೊಳೆರೋಗ ಬಂದಿದೆ, ಏನು ಮಾಡುವುದು?’ ಅಂತ ಕೇಳಿದರೆ ಪುಸ್ತಕದ ಉತ್ತರ ಬರುತ್ತದೆ: ಬೋರ್ಡೋ ದ್ರಾವಣ ಸಿಂಪಡಿಸಿ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅದು ತೋಟ ಇರುವ ಎಲ್ಲರಿಗೂ ಗೊತ್ತು. ಅದೇ ಜಾಗದಲ್ಲಿ ‘ಜೂನ್ ಮೊದಲ ವಾರ ಮದ್ದು ಬಿಟ್ಟದ್ದು, ಆಮೇಲೆ ಮಳೆ ಬಿಡಲೇ ಇಲ್ಲ, ಈಗ ಐವತ್ತು ದಿನ ಆಯ್ತು, ಕೆಳಗಿನ ಬೈಲಿನ ಮರಗಳಲ್ಲಿ ಮಾತ್ರ ಉದುರುತ್ತಾ ಇದೆ’ ಅಂತ ಹೇಳಿ ನೋಡಿ. ತಜ್ಞರ ಧ್ವನಿಯೇ ಬದಲಾಗುತ್ತದೆ. ಎರಡನೇ ಸಲದ ಮದ್ದು ತಡವಾಗಿದೆ, ಬೈಲಿನಲ್ಲಿ ನೀರು ನಿಲ್ಲುತ್ತದಾ, ದ್ರಾವಣಕ್ಕೆ ಕಬ್ಬಿಣದ ಕತ್ತಿ ಅದ್ದಿ ನೋಡಿದ್ದೀರಾ ಅಂತ ಅವರೇ ಕೇಳಲು ಶುರು ಮಾಡುತ್ತಾರೆ. ಕತ್ತಿಗೆ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಕಡಿಮೆ ಅಂತ ಅರ್ಥ. ಇಷ್ಟು ಮಾತು ನಿಮ್ಮ ಒಬ್ಬರ ತೋಟಕ್ಕೆ ಮಾತ್ರ ಅಲ್ಲ, ಪುತ್ತೂರು, ಬಂಟ್ವಾಳ, ಕಾರ್ಕಳದಲ್ಲಿ ಕೇಳುತ್ತಾ ಕೂತ ಎಲ್ಲರಿಗೂ ಕೆಲಸಕ್ಕೆ ಬರುತ್ತದೆ.

ಕರೆ ಮಾಡಿ ದೂರು ಹೇಳಿದರೆ ಕೆಲಸ ಆಗುತ್ತದಾ?

ಒಮ್ಮೊಮ್ಮೆ. ಜಾಗದ ಹೆಸರು ಸರಿಯಾಗಿ ಹೇಳಿದರೆ ಸಾಧ್ಯತೆ ಜಾಸ್ತಿ. ‘ನಮ್ಮ ರಸ್ತೆ ಹಾಳಾಗಿದೆ’ ಅಂದರೆ ಯಾವ ಅಧಿಕಾರಿಗೂ ನಿದ್ದೆ ಕೆಡುವುದಿಲ್ಲ. ಯಾವ ಗ್ರಾಮ, ಯಾವ ದೇವಸ್ಥಾನದಿಂದ ಯಾವ ಶಾಲೆವರೆಗೆ, ಪಂಚಾಯತ್ ರಸ್ತೆಯೋ ಲೋಕೋಪಯೋಗಿಯದ್ದೋ, ಅರ್ಜಿ ಯಾವಾಗ ಕೊಟ್ಟದ್ದು ಅಂತ ಹೇಳಿ. ಅರ್ಜಿಯ ಪ್ರತಿ ಕೈಯಲ್ಲಿ ಇಟ್ಟುಕೊಳ್ಳಿ. ವ್ಯಕ್ತಿಯ ಹೆಸರು ಹೇಳಿ ಬಯ್ಯಬೇಡಿ. ಬಯ್ದರೆ ಲೈನ್ ಕಟ್ ಮಾಡುತ್ತಾರೆ, ಮಾಡಲೇಬೇಕು.

ತುರ್ತಾದದ್ದಕ್ಕೆ ರೇಡಿಯೊ ಕಾಯಬೇಡಿ. ಕರೆಂಟಿನ ವಯರ್ ಬಿದ್ದಿದ್ದರೆ 1912, ನೆರೆ, ಗುಡ್ಡ ಕುಸಿತಕ್ಕೆ ಜಿಲ್ಲಾ ಕಂಟ್ರೋಲ್ ರೂಮಿನ 1077, ಉಳಿದದ್ದಕ್ಕೆ 112.

ತುಳುವಿನಲ್ಲಿ ಮಾತಾಡಬಹುದಾ?

ಮಾತಾಡಿ ಮಾರಾಯ್ರೆ! ತುಳು, ಕೊಂಕಣಿ ಕಾರ್ಯಕ್ರಮಗಳು ಆಕಾಶವಾಣಿ ಮಂಗಳೂರಿನಲ್ಲಿ ಮೊದಲಿಂದಲೂ ಇವೆ. ಸಾರಂಗ್‌ನಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲ ಕೇಳಿಸುತ್ತದೆ. ಮಣಿಪಾಲದ ಕಡೆ ಕುಂದಾಪುರ ಕನ್ನಡ ಬಂದರೆ ಯಾರೂ ತಿದ್ದಲು ಬರುವುದಿಲ್ಲ. ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿತು, ತುಳು ಇನ್ನೂ ಹೊರಗೇ ಇದೆ. ಆದರೆ ರೇಡಿಯೊದಲ್ಲಿ ತುಳುವಿಗೆ ಯಾವತ್ತೂ ಪರಿಚ್ಛೇದ ಬೇಕಾಗಿರಲಿಲ್ಲ. ನಾಟಕ, ಪಾಡ್ದನ (ತುಳು ಜನಪದ ಹಾಡು), ಹರಟೆ ಎಲ್ಲ ಬಂದಿದೆ.

ಕನ್ನಡ ಕಾರ್ಯಕ್ರಮಕ್ಕೆ ಕರೆ ಮಾಡಿದ ಅಜ್ಜಿ ನಡುವೆ ತುಳುವಿಗೆ ಜಾರಿದರೆ ನಡೆಸಿಕೊಡುವವರೂ ಜಾರುತ್ತಾರೆ. ಉತ್ತರ ಮಾತ್ರ ಕನ್ನಡದಲ್ಲೂ ಒಮ್ಮೆ ಹೇಳುತ್ತಾರೆ. ಕಾಸರಗೋಡಿನ ಕೇಳುಗರಿಗೆ ಇದು ಇನ್ನೂ ಮುಖ್ಯ. 1956ರಲ್ಲಿ ಅವರ ಊರು ಕೇರಳಕ್ಕೆ ಹೋಯಿತು, ಆದರೆ ಮಂಗಳೂರಿನ ಎಫ್‌ಎಂ ಗಡಿ ನೋಡಿ ನಿಲ್ಲುವುದಿಲ್ಲ.

ನಮ್ಮ ಕಡೆಯವರು ರೇಡಿಯೊ ಚರ್ಚೆ ಇಷ್ಟು ಇಷ್ಟಪಡುವುದು ಯಾಕೆ?

ನನ್ನ ಲೆಕ್ಕದಲ್ಲಿ ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಲೆಯೇ ಕಾರಣ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ, ಚೆಂಡೆ, ಮದ್ದಲೆ, ಎದುರುಬದುರು ಕೂತ ಅರ್ಥಧಾರಿಗಳು (ಪಾತ್ರಗಳ ಮಾತು ಆಡುವವರು). ಬರೆದುಕೊಂಡು ಬಂದ ಮಾತಲ್ಲ, ಅಲ್ಲೇ ಹುಟ್ಟಿದ್ದು. ಕೃಷ್ಣನಿಗೆ ಕೌರವ ಕೇಳುವ ಪ್ರಶ್ನೆಗೆ ಕೃಷ್ಣನೂ ಒಂದು ಕ್ಷಣ ತಡವರಿಸಬೇಕು, ಆಗಲೇ ಸಭೆಗೆ ಖುಷಿ. ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣನನ್ನೋ ವಾಲಿಯನ್ನೋ ಕೇಳಿ ಬೆಳೆದವರಿಗೆ ಎದುರಾಳಿಯ ವಾದವನ್ನು ಪೂರ್ತಿ ಕೇಳುವ ಚಟ ಅಂಟಿಕೊಂಡಿದೆ.

ತಾಳಮದ್ದಲೆ ನೋಡುವುದಕ್ಕಿಂತ ಕೇಳುವ ಕಲೆ. ರೇಡಿಯೊಗೆ ಹೇಳಿ ಮಾಡಿಸಿದ್ದು. ಆಕಾಶವಾಣಿ ಮಂಗಳೂರಿನ ಯಕ್ಷಗಾನ ಕಾರ್ಯಕ್ರಮಕ್ಕೆ ಅಂತಲೇ ಬೀಡಿ ಕಟ್ಟುವ ಮನೆಗಳಲ್ಲಿ ಟ್ರಾನ್ಸಿಸ್ಟರ್ ಇರುತ್ತಿತ್ತು. ಕೈಗೆ ಎಲೆ, ಹೊಗೆಸೊಪ್ಪು, ನೂಲು. ಕಿವಿಗೆ ಕರ್ಣಪರ್ವ. ಟಿವಿ ನೋಡಿದರೆ ಬೀಡಿ ಕಟ್ಟುವುದು ನಿಧಾನ ಆಗುತ್ತದೆ, ರೇಡಿಯೊ ಹಾಗಲ್ಲ.

ಈಗಿನ ಟಿವಿ ಚರ್ಚೆಯಲ್ಲಿ ನಾಲ್ಕು ಜನ ಒಟ್ಟಿಗೆ ಕೂಗುತ್ತಾರೆ. ರೇಡಿಯೊದಲ್ಲಿ ಅದು ನಡೆಯುವುದೇ ಇಲ್ಲ. ಮುಖ ಕಾಣುವುದಿಲ್ಲವಲ್ಲ, ಇಬ್ಬರು ಒಟ್ಟಿಗೆ ಮಾತಾಡಿದರೆ ಯಾರದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಮಾಧ್ಯಮವೇ ಮರ್ಯಾದೆ ಕಲಿಸುತ್ತದೆ.

ಸಂಸ್ಕೃತಿ ಕಾರ್ಯಕ್ರಮಗಳಲ್ಲಿ ಏನೇನು ಬರುತ್ತದೆ?

ಋತು ನೋಡಿ ಹೇಳಬಹುದು. ಆಟಿಯಲ್ಲಿ ಕಷಾಯ, ಪತ್ರೊಡೆ. ಸೆಪ್ಟೆಂಬರ್ 8ರ ಹೊತ್ತಿಗೆ ಕೊಂಕಣಿ ಕ್ರೈಸ್ತರ ಮೊಂತಿ ಫೆಸ್ತ್ (ಹೊಸ ತೆನೆಯ ಹಬ್ಬ). ನವರಾತ್ರಿಗೆ ಹುಲಿವೇಷ, ದಸರಾ. ನವೆಂಬರ್‌ನಿಂದ ಕಂಬಳ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಹೊತ್ತಿಗೆ ಉಡುಪಿಯ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಇದರಲ್ಲಿ ನನಗೆ ಬೇಸರ ತರುವ ಒಂದು ಅಭ್ಯಾಸ ಉಂಟು: ಪ್ರತಿ ವರ್ಷ ಅದೇ ಅದೇ ‘ಮಹತ್ವ’ದ ಭಾಷಣ. ಕಂಬಳದ ಇತಿಹಾಸ ಎಷ್ಟು ಸಲ ಕೇಳುವುದು? ಕೋಣ ಸಾಕುವವರ ಮನೆಯಲ್ಲಿ ದಿನಕ್ಕೆ ಎಷ್ಟು ಹುರುಳಿ ಬೇಕು, ಓಡಿಸುವ ಹುಡುಗ ಮಳೆಗಾಲದಲ್ಲಿ ಏನು ಕೆಲಸ ಮಾಡುತ್ತಾನೆ ಅಂತ ಕೇಳಿದರೆ ಸೆಟ್ಟಿನ ಹತ್ತಿರ ಕೂರುವ ಮನಸ್ಸಾಗುತ್ತದೆ.

ಕಾರ್ಯಕ್ರಮ ನೇರವೋ, ರೆಕಾರ್ಡ್ ಮಾಡಿದ್ದೋ?

ಎರಡೂ ಇರುತ್ತದೆ. ಫೋನ್-ಇನ್ ಹೆಚ್ಚಾಗಿ ನೇರ. ಸಂದರ್ಶನ, ಭಾಷಣ, ನಾಟಕ ಮೊದಲೇ ಧ್ವನಿಮುದ್ರಣ ಆಗಿರುತ್ತದೆ. ‘ಈಗ ನಮ್ಮೊಂದಿಗೆ ಇದ್ದಾರೆ’ ಅಂದ ಮಾತ್ರಕ್ಕೆ ನೇರ ಅಂತ ತಿಳಿಯಬೇಡಿ. ನಂಬರ್ ಹೇಳಿ ಕರೆ ಮಾಡಿ ಅಂದರೆ ನೇರ.

ನನ್ನನ್ನು ಅತಿಥಿಯಾಗಿ ಕರೆದಿದ್ದಾರೆ. ಹೇಗೆ ತಯಾರಾಗುವುದು?

ಬರೆದುಕೊಂಡು ಹೋಗಿ, ಓದಬೇಡಿ. ಸಂದರ್ಶನದಲ್ಲಿ ಕಾಗದ ಓದುವವರ ಧ್ವನಿ ಮೂರನೇ ವಾಕ್ಯಕ್ಕೇ ಗೊತ್ತಾಗುತ್ತದೆ. ನಾಲ್ಕು ಅಂಶ ಚೀಟಿಯಲ್ಲಿ ಸಾಕು. ಬರೆದ ಭಾಷಣ ಕೇಳಿದ್ದರೆ ಒಂದೇ ಮಗ್ಗುಲಿಗೆ ಬರೆಯಿರಿ, ಪಿನ್ ಹಾಕಬೇಡಿ. ಹಾಳೆ ಮಗುಚುವ ಸದ್ದು ಮೈಕಿಗೆ ಗಾಳಿಮಳೆಯ ಹಾಗೆ ಕೇಳಿಸುತ್ತದೆ. ಗಾಜಿನ ಬಳೆ, ಗೆಜ್ಜೆ ಇರುವ ಚೈನು ತೆಗೆದಿಡಿ. ಮೇಜು ಕುಟ್ಟಿ ಮಾತಾಡುವ ಅಭ್ಯಾಸ ಇರುವವರು ಕೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ. ಮೊಬೈಲ್ ಹೊರಗೇ ಬಿಟ್ಟು ಹೋಗಿ, ಸೈಲೆಂಟ್ ಸಾಲದು. ಕೆಂಪು ದೀಪ ಹತ್ತಿದ ಮೇಲೆ ಗಂಟಲು ಸರಿ ಮಾಡಿಕೊಳ್ಳುವುದು ತಡವಾಯಿತು ಅಂತ ಅರ್ಥ.

ಅಂಕಿ ಹೇಳುವಾಗ ದುಂಡಗೆ ಹೇಳಿ. ಕೇಳುಗರು ಹಿಂದೆ ತಿರುಗಿಸಿ ಓದಲಾರರು. ಯಕ್ಷಗಾನ, ನಾಟಕದ ಕಲಾವಿದರಾಗಿ ಆಕಾಶವಾಣಿಗೆ ಹೋಗುವುದು ಬೇರೆ ದಾರಿ. ಅದಕ್ಕೆ ಧ್ವನಿ ಪರೀಕ್ಷೆ ಇರುತ್ತದೆ, ಬಿ, ಬಿ-ಹೈ, ಎ ಅಂತ ಶ್ರೇಣಿ ಕೊಡುತ್ತಾರೆ.

ನಮ್ಮ ಸಂಘದ ವಾರ್ಷಿಕೋತ್ಸವ ಹೇಳಲು ದುಡ್ಡು ಕೊಡಬೇಕಾ?

ಊರಿನ ಕಾರ್ಯಕ್ರಮದ ಮಾಹಿತಿಯನ್ನು ಸಮುದಾಯ ರೇಡಿಯೊಗಳು ಸಾಮಾನ್ಯವಾಗಿ ಸುಮ್ನೆ ಹೇಳುತ್ತವೆ. ಒಂದು ವಾರ ಮೊದಲೇ, ಒಂದು ಪುಟದೊಳಗೆ ಕಳಿಸಿ. ವೇದಿಕೆಯ ಮೇಲೆ ಕೂರುವ ಹದಿನೆಂಟು ಗಣ್ಯರ ಪಟ್ಟಿ ಬೇಡ. ಜಾಹೀರಾತು ಅಂದರೆ ದುಡ್ಡು ಕೊಡಬೇಕು. ಸಮುದಾಯ ರೇಡಿಯೊ ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಹಾಕಬಹುದು, 2024ರ ಮೊದಲು ಇದು 7 ನಿಮಿಷ ಇತ್ತು.

ತಪ್ಪಿಹೋದ ಕಾರ್ಯಕ್ರಮ ಮತ್ತೆ ಸಿಗುತ್ತದಾ? ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕಬಹುದಾ?

ಮರುಪ್ರಸಾರ ಇದ್ದರೆ ಕಾರ್ಯಕ್ರಮದ ಕೊನೆಗೆ ಹೇಳುತ್ತಾರೆ, ಹಾಗಾಗಿ ಕೊನೆಯ ಸಂಗೀತ ಬರುವವರೆಗೆ ಕೇಳಿ. ಸಮುದಾಯ ರೇಡಿಯೊಗಳು ಪ್ರಸಾರ ಆದದ್ದನ್ನು ಮೂರು ತಿಂಗಳು ಇಟ್ಟುಕೊಳ್ಳಲೇಬೇಕು. ಅಷ್ಟರೊಳಗೆ ಹೋಗಿ ಕೇಳಿದರೆ ಕೊಡುವುದೂ ಉಂಟು. ನಿಮಗೋಸ್ಕರ ರೆಕಾರ್ಡ್ ಮಾಡಿಕೊಳ್ಳಿ, ಯಾರೂ ಕೇಳುವುದಿಲ್ಲ. ಆದರೆ ಯೂಟ್ಯೂಬ್‌ಗೆ ಹಾಕುವ ಮೊದಲು ಅನುಮತಿ ಕೇಳಿ. ಪ್ರಸಾರದ ಮೇಲೆ ಸಂಸ್ಥೆಗೆ 25 ವರ್ಷದ ಹಕ್ಕು ಇದೆ.

ಕಾರ್ಯಕ್ರಮದಲ್ಲಿ ತಪ್ಪು ಮಾಹಿತಿ ಬಂತು. ಯಾರಿಗೆ ಹೇಳುವುದು?

ಮೊದಲು ಸ್ಟೇಷನ್ನಿಗೇ ಬರೆಯಿರಿ. ದಿನಾಂಕ, ಹೊತ್ತು, ಏನು ಹೇಳಿದರು, ಸರಿ ಯಾವುದು. ಕೇಳುಗರ ಪತ್ರದ ಕಾರ್ಯಕ್ರಮ ಇರುವ ಕಡೆ ಅದನ್ನು ಓದಿ ತಿದ್ದಿಕೊಳ್ಳುತ್ತಾರೆ. ಪೋಸ್ಟ್ ಕಾರ್ಡಿಗೆ ಈಗಲೂ ಬೆಲೆ ಉಂಟು, ಇಮೇಲಿಗಿಂತ ಒಂದು ತೂಕ ಜಾಸ್ತಿಯೇ. ಪ್ರಸಾರ ಭಾರತಿ ಸಾರ್ವಜನಿಕ ಸಂಸ್ಥೆ. ಅದಕ್ಕೆ ಮಾಹಿತಿ ಹಕ್ಕು ಕಾಯ್ದೆಯೂ ಅನ್ವಯಿಸುತ್ತದೆ, ಕೇಂದ್ರದ ದೂರು ಪೋರ್ಟಲ್ಲಿನಲ್ಲೂ ಬರೆಯಬಹುದು. ಅಷ್ಟು ದೂರ ಹೋಗುವ ಮೊದಲು ಒಂದು ಫೋನ್ ಮಾಡಿ ನೋಡಿ.

ನಮ್ಮ ಊರಿನಲ್ಲೇ ಒಂದು ಸಮುದಾಯ ರೇಡಿಯೊ ಶುರು ಮಾಡಬಹುದಾ?

ನೀವೊಬ್ಬರೇ ಮಾಡಲಾಗುವುದಿಲ್ಲ. ವ್ಯಕ್ತಿಗಳಿಗೆ, ರಾಜಕೀಯ ಪಕ್ಷಗಳಿಗೆ, ಲಾಭದ ಕಂಪನಿಗಳಿಗೆ ಅನುಮತಿ ಇಲ್ಲ. ದೇಶದ ಮೊದಲ ಸಮುದಾಯ ರೇಡಿಯೊ 2004ರ ಫೆಬ್ರವರಿ 1ರಂದು ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಆಗ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಅವಕಾಶ ಇತ್ತು. 2006ರಿಂದ ಸ್ವಯಂಸೇವಾ ಸಂಸ್ಥೆಗಳೂ ಅರ್ಜಿ ಹಾಕಬಹುದು, ಆದರೆ ನೋಂದಣಿ ಆಗಿ ಮೂರು ವರ್ಷ ಆಗಿರಬೇಕು. ಕೃಷಿ ವಿಜ್ಞಾನ ಕೇಂದ್ರಗಳಿಗೂ ಅವಕಾಶ ಇದೆ. ಅರ್ಜಿ ಆನ್‌ಲೈನ್‌ನಲ್ಲಿ, ವಾರ್ತಾ ಮತ್ತು ಪ್ರಸಾರ ಸಚಿವಾಲಯದ ‘ಬ್ರಾಡ್‌ಕಾಸ್ಟ್ ಸೇವಾ’ ಪೋರ್ಟಲ್ಲಿನಲ್ಲಿ. ಗೃಹ ಸಚಿವಾಲಯದ ಒಪ್ಪಿಗೆ, ತರಂಗಾಂತರದ ಹಂಚಿಕೆ ಎಲ್ಲ ಆಗಬೇಕು, ತಾಳ್ಮೆ ಬೇಕು.

ಯಂತ್ರ ತರುವುದು ದೊಡ್ಡ ವಿಷಯ ಅಲ್ಲ. ಅದನ್ನು ದಿನಾ ತುಂಬಿಸುವುದು ಕಷ್ಟ. ಉದ್ಘಾಟನೆಗೆ ಶಾಮಿಯಾನ ಹಾಕುವ ಮೊದಲು ಮೂರು ತಿಂಗಳು ಮೊಬೈಲ್‌ನಲ್ಲೇ ವಾರಕ್ಕೊಂದು ಅರ್ಧ ಗಂಟೆಯ ಮಾತುಕತೆ ರೆಕಾರ್ಡ್ ಮಾಡಿ, ಊರಿನ ಗ್ರೂಪಿಗೆ ಕಳಿಸಿ. ಹಾಲಿನ ಡೈರಿಯ ಸೆಕ್ರೆಟರಿ, ಆಶಾ ಕಾರ್ಯಕರ್ತೆ, ಲೈನ್‌ಮ್ಯಾನ್, ಬಲೆ ಹೆಣೆಯುವವರು ಎಲ್ಲರನ್ನೂ ಮಾತಾಡಿಸಿ. ಮೂರನೇ ತಿಂಗಳಲ್ಲೂ ಯಾರಾದರೂ ‘ಈ ವಾರದ್ದು ಯಾಕೆ ಬರಲಿಲ್ಲ?’ ಅಂತ ಫೋನ್ ಮಾಡಿದರೆ ಅರ್ಜಿ ತುಂಬಲು ಕೂತುಕೊಳ್ಳಿ.